ಹಿಟ್ಟಿನ ಕೋಳಿ ಮತ್ತು ಹಾಲಿಲ್ಲದ ಚೀಸ್

ಜನ್ನನ ‘ಯಶೋಧರ ಚರಿತೆ’ಯ ಹಿಟ್ಟಿನ ಕೋಳಿ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಹಿಟ್ಟಿನಿಂದ ಮಾಡಿದ ಕೋಳಿಯನ್ನು ದೇವತೆಯ ಮುಂದೆ ಕಡಿಯುತ್ತಾನೆ. ಅಲ್ಲಿ ರಕ್ತ ಹರಿಯುವುದಿಲ್ಲ, ಯಾವ ಪ್ರಾಣಿಯೂ ಸಾಯುವುದಿಲ್ಲ. ಆದರೂ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ಹುಟ್ಟಿ, ನೊಂದು, ಸಾಯುತ್ತ ಅಲೆಯಬೇಕಾಗುತ್ತದೆ. ಸಂಕಲ್ಪದಲ್ಲಿ ನಡೆದ ಹಿಂಸೆಯೂ ಹಿಂಸೆಯೇ ಎಂಬುದು 1209ರ ಸುಮಾರಿಗೆ ರಚಿತವಾದ ಈ ಕಾವ್ಯದ ಹೃದಯ. ಇಂದು ಅದೇ ಪ್ರಶ್ನೆ ಅನಿರೀಕ್ಷಿತವಾದ ಒಂದು ಕಡೆಯಿಂದ, ಅಡುಗೆಮನೆಯಿಂದ, ಎದ್ದು ಬರುತ್ತದೆ. ಗೋಡಂಬಿ, ಯೀಸ್ಟ್, ಉಪ್ಪುಗಳನ್ನು ಕೂಡಿಸಿ ಪಾರ್ಮೆಸಾನ್ ಚೀಸಿನ ರುಚಿಯನ್ನು ಅನುಕರಿಸುವವರು ಹಿಟ್ಟಿನ ಕೋಳಿಯನ್ನೇ ಮಾಡುತ್ತಿದ್ದಾರೆಯೆ? ಬಿಟ್ಟದ್ದನ್ನು ಬೇರೆ ರೂಪದಲ್ಲಿ ಬಯಸುವುದು ಬಿಟ್ಟಂತಾಗುವುದೆ? ಮೇಲ್ನೋಟಕ್ಕೆ ಚತುರವಾಗಿ ಕಾಣುವ ಈ ಆಕ್ಷೇಪಕ್ಕೆ ಉತ್ತರ ಹುಡುಕಬೇಕಾದರೆ, ಅನುಕರಣೆಗಿಂತ ಮೊದಲು ಮೂಲವಸ್ತುವನ್ನು ಅರಿಯಬೇಕು.

ಗಟ್ಟಿ ಚೀಸ್ ಎಂದರೆ ಹಾಲಿನಿಂದ ನೀರನ್ನು ಬಹುಮಟ್ಟಿಗೆ ಹೊರಹಾಕಿ, ಉಳಿದುದನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮಾಗಿಸಿದ ಪದಾರ್ಥ. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಇಟಲಿಯ ಪಾರ್ಮ, ರೆಜ್ಜೊ ಎಮಿಲಿಯ, ಮೊದೆನ ಮುಂತಾದ ಪ್ರಾಂತ್ಯಗಳ ಪಾರ್ಮಿಜಾನೊ ರೆಜ್ಜಾನೊ. ಹದಿನಾಲ್ಕನೆಯ ಶತಮಾನದ ಬೊಕ್ಕಾಚೊ ತನ್ನ ‘ಡೆಕಮೆರಾನ್’ನ ಒಂದು ಕಥೆಯಲ್ಲಿ ತುರಿದ ಪಾರ್ಮೆಸಾನಿನದೇ ಒಂದು ಬೆಟ್ಟವಿರುವ ಕಲ್ಪನೆಯ ನಾಡನ್ನು ತರುತ್ತಾನೆ. ಬಡವನ ಸ್ವರ್ಗ ಹೇಗಿರಬೇಕೆಂಬುದಕ್ಕೆ ಅಂದಿನ ಇಟಲಿಯ ಉತ್ತರ ಅದು. ಆ ಚೀಸಿನ ಒಂದು ಗಾಲಿ ಸುಮಾರು 40 ಕಿಲೋ ತೂಗುತ್ತದೆ. ಅದಕ್ಕೆ ಸುಮಾರು 550 ಲೀಟರ್ ಹಾಲು ಬೇಕು. ಕನಿಷ್ಠ 12 ತಿಂಗಳು ಮಾಗದೆ ಅದಕ್ಕೆ ಆ ಹೆಸರು ಸಲ್ಲದು. ಮಾಗುವ ಕಾಲದಲ್ಲಿ ಹಾಲಿನ ಪ್ರೋಟೀನು ಒಡೆದು ಗ್ಲುಟಮೇಟಿನಂಥ ಅಂಶಗಳು ಬಿಡುಗಡೆಯಾಗುತ್ತವೆ. ನಾಲಗೆಯಲ್ಲಿ ಬಹುಕಾಲ ನಿಲ್ಲುವ ಆ ತುಂಬು ರುಚಿಗೆ ಮುಖ್ಯ ಕಾರಣ ಇದು. ಚಿಟಿಕೆಯಷ್ಟು ತುರಿದು ಉದುರಿಸಿದರೆ ಇಡೀ ತಟ್ಟೆಯ ರುಚಿ ಬದಲಾಗುತ್ತದೆ ಎಂಬ ಮಾತು ಉತ್ಪ್ರೇಕ್ಷೆಯಲ್ಲ.

ಆದರೆ ಹಾಲು ತಾನಾಗಿ ಚೀಸಾಗುವುದಿಲ್ಲ. ಕನ್ನಡನಾಡಿನ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕುವುದೆಂದರೆ ಹಿಂದಿನ ದಿನದ ಒಂದು ಚಮಚ ಮೊಸರನ್ನು ಬೆರೆಸುವುದು. ಪಾರ್ಮೆಸಾನಿನ ಹೆಪ್ಪು ಬೇರೆ. ಅದರ ಹೆಸರು ರೆನೆಟ್. ಇನ್ನೂ ತಾಯಿಹಾಲನ್ನೇ ಕುಡಿಯುತ್ತಿರುವ ಎಳೆಗರುವಿನ ಜಠರದ ನಾಲ್ಕನೆಯ ಕೋಷ್ಠದಲ್ಲಿ, ಆ ಹಾಲನ್ನು ಜೀರ್ಣಿಸಲೆಂದೇ, ಕೈಮೊಸಿನ್ ಎಂಬ ಕಿಣ್ವವಿರುತ್ತದೆ. ಕರುವನ್ನು ಕೊಂದ ಮೇಲೆ ಆ ಕೋಷ್ಠದಿಂದ ಪಡೆಯುವ ದ್ರವ್ಯವೇ ಸಾಂಪ್ರದಾಯಿಕ ರೆನೆಟ್. ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರಿಗೆ ಯುರೋಪಿನ ಕಾನೂನಿನ ರಕ್ಷಣೆ ಇದೆ. ಅದರ ನಿಯಮದ ಪ್ರಕಾರ ಕರುವಿನ ರೆನೆಟ್ಟನ್ನೇ ಬಳಸಬೇಕು. ಗ್ರಾನಾ ಪಡಾನೊಗೂ ಕರುವಿನದೇ. ಕುರಿಹಾಲಿನ ಪೆಕೊರಿನೊ ರೊಮಾನೊಗೆ ಕುರಿಮರಿಯದು. ಎಂದರೆ, ಈ ಚೀಸುಗಳಲ್ಲಿ ಕರುವಿನ ಪಾಲಿನ ಹಾಲನ್ನು ಗಟ್ಟಿಮಾಡುವುದು ಆ ಹಾಲಿಗಾಗಿಯೇ ಹುಟ್ಟಿದ ಕರುವಿನ ಹೊಟ್ಟೆ.

ಇಲ್ಲಿ ಜೈನ ಶ್ರಾವಕಾಚಾರದ ಹಳೆಯದೊಂದು ವಾದವನ್ನು ನೆನೆಯುವುದು ಅವಶ್ಯ. ಮಾಂಸವನ್ನು ಬಿಟ್ಟವರು ಹಾಲನ್ನು ಏಕೆ ಬಿಡಲಿಲ್ಲ, ಎರಡೂ ಒಂದೇ ದೇಹದಿಂದ ಬಂದವಲ್ಲವೆ ಎಂಬ ಪ್ರಶ್ನೆ ಇಂದಿನದಲ್ಲ. 959ರಲ್ಲಿ ‘ಯಶಸ್ತಿಲಕ’ವನ್ನು ಮುಗಿಸಿದ ಸೋಮದೇವಸೂರಿ ಆ ಗ್ರಂಥದ ‘ಉಪಾಸಕಾಧ್ಯಯನ’ ಭಾಗದಲ್ಲಿ ಇದನ್ನು ನೇರವಾಗಿ ಎದುರಿಸಿದ್ದಾನೆ. ಪಂಪನ ಆಶ್ರಯದಾತ ಅರಿಕೇಸರಿಯ ಮನೆತನವಾದ ವೇಮುಲವಾಡದ ಚಾಲುಕ್ಯರ ಆಳ್ವಿಕೆಯಲ್ಲಿ, ಗಂಗಾಧಾರದಲ್ಲಿ ಪೂರ್ಣಗೊಂಡ ಕೃತಿ ಅದು. ಅದರ ಕಥಾವಸ್ತುವೂ ಹಿಟ್ಟಿನ ಕೋಳಿಯ ಯಶೋಧರನದೇ. ಸೋಮದೇವನ ಉತ್ತರದ ಸಾರ ಹೀಗೆ: ಒಂದೇ ಮೂಲದಿಂದ ಬಂದ ವಸ್ತುಗಳೆಲ್ಲ ಒಂದೇ ಗುಣದವಲ್ಲ. ಹಾವಿನಲ್ಲಿ ವಿಷವೂ ಇದೆ, ವಿಷವನ್ನು ಹರಿಸುವ ರತ್ನವೂ ಇದೆ. ವಿಷವೃಕ್ಷದ ಎಲೆ ಆಯುಸ್ಸಿಗೆ, ಬೇರು ಸಾವಿಗೆ. ಹಾಗೆಯೇ ಹಸುವಿನ ಹಾಲು ಗ್ರಾಹ್ಯ, ಮಾಂಸ ತ್ಯಾಜ್ಯ.

ಈ ವಾದದ ಬಲ ಇರುವುದು ಹಾಲು ಮತ್ತು ಮಾಂಸಗಳ ನಡುವೆ ಗೆರೆ ಎಳೆಯಬಹುದು ಎಂಬ ನಂಬಿಕೆಯಲ್ಲಿ. ಹಾಲು ಕರೆದ ಮೇಲೂ ಹಸು ಬದುಕಿರುತ್ತದೆ, ಕರು ಬದುಕಿರುತ್ತದೆ; ಮಾಂಸ ಜೀವವನ್ನು ತೆಗೆಯದೆ ದೊರೆಯದು. ಗಟ್ಟಿ ಚೀಸಿನಲ್ಲಿ ಆ ಗೆರೆ ಅಳಿಸಿಹೋಗುತ್ತದೆ. ಅಲ್ಲಿ ಹಾಲಿನೊಳಗೆ ಜಠರದ ದ್ರವ್ಯ ಸೇರಿದೆ, ಮತ್ತು ಅದು ಸೇರದೆ ಆ ವಸ್ತುವೇ ಇಲ್ಲ. ಸೋಮದೇವನ ತರ್ಕವನ್ನು ಒಪ್ಪುವವರು ಹಾಲನ್ನು ಸಮರ್ಥಿಸಬಹುದು, ಮೊಸರು ತುಪ್ಪಗಳನ್ನು ಸಮರ್ಥಿಸಬಹುದು. ಕರುವಿನ ರೆನೆಟ್ಟಿನ ಚೀಸನ್ನು ಸಮರ್ಥಿಸಲಾರರು. ಹಾಲಿನ ಪರವಾದ ಅತ್ಯಂತ ಪ್ರಬಲವಾದ ಪ್ರಾಚೀನ ವಾದವೇ ಈ ಚೀಸಿನ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದೆ.

ರೆನೆಟ್ಟಿನ ಸಮಸ್ಯೆ ಪರಿಹಾರವಾಗಿದೆಯಲ್ಲ ಎಂಬ ಪ್ರತಿವಾದ ಇಲ್ಲಿ ಬರುವುದು ಸಹಜ. ಅದು ಭಾಗಶಃ ನಿಜವೂ ಹೌದು. ಗಿಡಗಳಿಂದ ಹಾಲನ್ನು ಹೆಪ್ಪುಗಟ್ಟಿಸುವ ವಿದ್ಯೆ ಬಹಳ ಹಳೆಯದು. ಹೋಮರನ ‘ಇಲಿಯಡ್’ನಲ್ಲಿ ಗಾಯ ಬೇಗನೆ ಮಾಗಿದ ಬಗೆಗೆ ಅಂಜೂರದ ರಸದಿಂದ ಹೆಪ್ಪುಗಟ್ಟುವ ಹಾಲೇ ಉಪಮೆ. ಮೊದಲನೆಯ ಶತಮಾನದ ರೋಮಿನ ಕೃಷಿಲೇಖಕ ಕೊಲ್ಯುಮೆಲ್ಲ ಕುರಿಮರಿ ಮತ್ತು ಮೇಕೆಮರಿಯ ರೆನೆಟ್ಟಿನ ಜೊತೆಗೆ ಕಾಡುಮುಳ್ಳುಗಿಡದ ಹೂವನ್ನೂ ಅಂಜೂರದ ಹಾಲನ್ನೂ ಹೇಳುತ್ತಾನೆ. ಪೋರ್ಚುಗಲ್ಲಿನ ಸೆರ್ರಾ ದ ಎಸ್ತ್ರೆಲ ಚೀಸಿಗೆ ಇಂದಿಗೂ ಅಂಥ ಹೂವಿನ ರಸವೇ ಹೆಪ್ಪು. ಇನ್ನು 1990ರಲ್ಲಿ ಅಮೆರಿಕ, ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕೈಮೊಸಿನ್ ಬಳಕೆಗೆ ಅನುಮತಿ ಕೊಟ್ಟಿತು. ಆಮೇಲೆ ಕರುವಿನ ಜಠರವಿಲ್ಲದೆ ಚೀಸ್ ಮಾಡುವುದು ಜಗತ್ತಿನಾದ್ಯಂತ ಸಾಮಾನ್ಯವಾಯಿತು. ಭಾರತದಲ್ಲಿ ಮಾರಾಟವಾಗುವ ಚೀಸಿನ ಪೊಟ್ಟಣಗಳ ಮೇಲೆ ಸೂಕ್ಷ್ಮಜೀವಿಜನ್ಯ ರೆನೆಟ್ ಎಂಬ ಬರಹ ಅಪರೂಪವೇನಲ್ಲ. ಈ ಪರಿಹಾರ ನಿಜವಾದುದೇ. ಆದರೆ ಅದು ಪರಿಹರಿಸಿದ್ದು ಹೆಪ್ಪಿನ ಪ್ರಶ್ನೆಯನ್ನು ಮಾತ್ರ. ಹಾಲಿನ ಪ್ರಶ್ನೆ ಹಾಗೆಯೇ ಉಳಿದಿದೆ.

ಸೋಮದೇವನ ಕಾಲದ ಹಸುವಿಗೆ ಹುಟ್ಟಿದ ಗಂಡುಕರು ಮುಂದೆ ನೊಗ ಹೊರುವ ಎತ್ತಾಗುತ್ತಿತ್ತು; ಹೊಲಕ್ಕೂ ಗಾಡಿಗೂ ಅದು ಬೇಕಿತ್ತು. ಅಂದು ದನಗಳಿಗೆ ನೋವೇ ಇರಲಿಲ್ಲವೆಂದಲ್ಲ. ಆದರೆ ಗಂಡುಕರು ಬದುಕುವುದಕ್ಕೆ ಒಂದು ಕಾರಣವಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಆ ಕಾರಣ ಇಲ್ಲವಾಯಿತು. ಹಾಲಿನ ಬೇಡಿಕೆ ಮಾತ್ರ ಏರುತ್ತಲೇ ಹೋಯಿತು. 2023–24ರಲ್ಲಿ ಭಾರತದ ಹಾಲಿನ ಉತ್ಪಾದನೆ ಸುಮಾರು 23.9 ಕೋಟಿ ಟನ್. ಜಗತ್ತಿನಲ್ಲೇ ಮೊದಲ ಸ್ಥಾನ. 2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಸುಮಾರು 19.3 ಕೋಟಿ ದನಗಳಲ್ಲಿ ಹೆಣ್ಣು ಸುಮಾರು 14.5 ಕೋಟಿ, ಗಂಡು 5 ಕೋಟಿಗಿಂತ ಕಡಿಮೆ. ನಿಸರ್ಗದಲ್ಲಿ ಹೆಣ್ಣುಕರು ಗಂಡುಕರುಗಳು ಹೆಚ್ಚುಕಡಿಮೆ ಸಮಸಂಖ್ಯೆಯಲ್ಲೇ ಹುಟ್ಟುತ್ತವೆ. ಹಾಗಿದ್ದರೆ ಉಳಿದ ಗಂಡುಕರುಗಳು ಎಲ್ಲಿ? ಈ ಅಂಕಿಗಳ ನಡುವಿನ ಅಂತರವನ್ನು ಯಾವ ಶಾಸ್ತ್ರವಾಕ್ಯದಿಂದಲೂ ಮುಚ್ಚಲಾಗದು. ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು. ಹುಟ್ಟುವ ಗಂಡುಕರುವಿಗೆ ಮಾರುಕಟ್ಟೆಯಲ್ಲಿ ಸ್ಥಾನವಿಲ್ಲ. ಹಾಲು ಕರೆದರೂ ಕರು ಬದುಕಿರುತ್ತದೆ ಎಂಬ ಹಳೆಯ ಆಧಾರವೇ ಇಂದು ಕುಸಿದಿದೆ.

ಇಂಥ ಸಂದರ್ಭಗಳಿಗೆ ಪರಂಪರೆಯೊಳಗೇ ಒಂದು ಅಳತೆಗೋಲಿದೆ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಮೂಲಂಗಿ, ಹಸಿಶುಂಠಿ, ಬೇವಿನ ಹೂ, ಕೇದಗೆಗಳ ಜೊತೆಗೆ ಬೆಣ್ಣೆಯನ್ನೂ ತ್ಯಾಜ್ಯವೆಂದು ಎಣಿಸುತ್ತದೆ. ಕಾರಣ, ಇವುಗಳಿಂದ ಆಗುವ ಪ್ರಯೋಜನ ಅಲ್ಪ, ಜೀವಘಾತ ಬಹಳ: ಅಲ್ಪಫಲ, ಬಹುವಿಘಾತ. ಶ್ವೇತಾಂಬರ ಪರಂಪರೆ ಹಾಲು, ಮೊಸರು, ತುಪ್ಪಗಳನ್ನು ‘ವಿಕೃತಿ’ಗಳ ಪಟ್ಟಿಯಲ್ಲಿಟ್ಟು, ಬೆಣ್ಣೆಯನ್ನು ಮದ್ಯ, ಮಾಂಸ, ಮಧುಗಳ ಸಾಲಿನ ಮಹಾವಿಕೃತಿ ಎಂದಿದೆ. ‘ತತ್ತ್ವಾರ್ಥಸೂತ್ರ’ವು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವನ್ನು ಎಣಿಸಿದರೆ, ಪೂಜ್ಯಪಾದರು ತಮ್ಮ ‘ಸರ್ವಾರ್ಥಸಿದ್ಧಿ’ಯಲ್ಲಿ ಅದನ್ನು ವಿವರಿಸುವಾಗ ಮೊದಲು ಎತ್ತುವ ಉದಾಹರಣೆ ತುಪ್ಪದ್ದು. ಹೈನನ್ನು ಬಿಡುವುದು ಪರದೇಶದಿಂದ ಬಂದ ಹೊಸ ಗೀಳು ಎನ್ನುವವರು ಈ ಸಾಲುಗಳನ್ನು ಇನ್ನೊಮ್ಮೆ ಓದುವುದು ಒಳ್ಳೆಯದು. ಗೃಹಸ್ಥರಿಗೆ ಹಾಲು ನಿಷಿದ್ಧವಾಗಿತ್ತು ಎನ್ನುವುದು ತಪ್ಪಾಗುತ್ತದೆ. ಬಸದಿಗಳಲ್ಲಿ ಕ್ಷೀರಾಭಿಷೇಕ ನಡೆಯುತ್ತಲೇ ಬಂದಿದೆ. ಆದರೆ ಹಾಲು ಪ್ರಶ್ನಾತೀತವಾಗಿತ್ತು ಎನ್ನುವುದೂ ಅಷ್ಟೇ ತಪ್ಪು. ಒಂದು ಕಿಲೋ ತಯಾರಿಸಲು ಸುಮಾರು 14 ಲೀಟರ್ ಹಾಲು ಬೇಡುವ, ಆಹಾರಕ್ಕಲ್ಲ, ರುಚಿಗೆಂದು ಮೇಲೆ ಉದುರಿಸುವ ಪದಾರ್ಥಕ್ಕೆ ಅಲ್ಪಫಲ ಬಹುವಿಘಾತ ಎಂಬ ಮಾತು ಅನ್ವಯಿಸದಿದ್ದರೆ ಇನ್ನಾವುದಕ್ಕೆ ಅನ್ವಯಿಸೀತು?

ಆರೋಗ್ಯದ ಕಾರಣಗಳನ್ನು ಹೇಳುವಾಗ ಎಚ್ಚರ ಬೇಕು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅನೇಕರಿಗೆ ಜೀರ್ಣವಾಗದು ಎಂಬುದು ನಿಜ. ಆದರೆ ದೀರ್ಘಕಾಲ ಮಾಗಿದ ಗಟ್ಟಿ ಚೀಸಿನಲ್ಲಿ ಲ್ಯಾಕ್ಟೋಸ್ ಬಹುತೇಕ ಉಳಿದಿರುವುದಿಲ್ಲ; ಆದ್ದರಿಂದ ಆ ಕಾರಣ ಇಲ್ಲಿ ಸಲ್ಲದು. ಹಾಲಿನ ಪ್ರೋಟೀನಿನ ಅಲರ್ಜಿಯಿದ್ದವರ ವಿಷಯ ಬೇರೆ. ಅವರಿಗೆ ಯಾವ ಚೀಸೂ ಆಗದು. ಉಪ್ಪು ಮತ್ತು ಸ್ಯಾಚುರೇಟೆಡ್ ಕೊಬ್ಬು ಇದರಲ್ಲಿ ಹೇರಳ, ಹಾಗೆಯೇ ಪ್ರೋಟೀನು ಮತ್ತು ಕ್ಯಾಲ್ಸಿಯಂ ಕೂಡ. ಹೈನನ್ನು ಪೂರ್ತಿಯಾಗಿ ಬಿಡುವ ಸಸ್ಯಾಹಾರಿಗಳು ಬಿ12 ಜೀವಸತ್ವಕ್ಕೆ ಬೇರೆ ದಾರಿ ಮಾಡಿಕೊಳ್ಳಲೇಬೇಕು; ಗಿಡಗಳ ಆಹಾರದಲ್ಲಿ ಅದು ನಂಬುವಷ್ಟು ಪ್ರಮಾಣದಲ್ಲಿ ದೊರೆಯದು. ಅಹಿಂಸೆಯ ಪಕ್ಷ ಗಟ್ಟಿಯಾಗಿ ನಿಲ್ಲಲು ಆರೋಗ್ಯದ ಅರೆಸತ್ಯಗಳ ಊರುಗೋಲು ಬೇಕಾಗಿಲ್ಲ. ಸತ್ಯವೂ ಅಣುವ್ರತಗಳಲ್ಲಿ ಒಂದು.

ಈಗ ಪರ್ಯಾಯಗಳ ವಿಚಾರ. ಇವುಗಳಲ್ಲಿ ಸುಲಭವಾದುದು ಪುಡಿ: ಗೋಡಂಬಿ ಅಥವಾ ಬಾದಾಮಿಯನ್ನು ಉಪ್ಪು ಮತ್ತು ನ್ಯೂಟ್ರಿಷನಲ್ ಯೀಸ್ಟಿನೊಂದಿಗೆ ತರಿತರಿಯಾಗಿ ಪುಡಿಮಾಡಿದರೆ ತುರಿದ ಪಾರ್ಮೆಸಾನಿಗೆ ಸಮೀಪದ ರುಚಿ ಬರುತ್ತದೆ. ಈ ಯೀಸ್ಟ್ ಕಾಯಿಸಿ ನಿಷ್ಕ್ರಿಯಗೊಳಿಸಿದ್ದು; ಅದರಲ್ಲಿನ ಗ್ಲುಟಮೇಟೇ ರುಚಿಯ ಗುಟ್ಟು. ಪಾಕವಿಧಾನಗಳಲ್ಲಿ ಬೆಳ್ಳುಳ್ಳಿ ಪುಡಿ ಸಾಮಾನ್ಯ. ಅದನ್ನು ಬಿಟ್ಟರೂ ನಡೆಯುತ್ತದೆ. ಎರಡನೆಯದು ಅಂಗಡಿಯಲ್ಲಿ ದೊರೆಯುವ ಗಟ್ಟಿ ಗಡ್ಡೆ: ಬಹುಮಟ್ಟಿಗೆ ತೆಂಗಿನೆಣ್ಣೆ ಮತ್ತು ಪಿಷ್ಟ. ಇದು ತುರಿಯಲು ಬರುತ್ತದೆ, ಬಿಸಿಗೆ ಕರಗುತ್ತದೆ, ಪ್ರೋಟೀನು ಅತ್ಯಲ್ಪ. ಮೂರನೆಯದು ಬೀಜಗಳ ಹಾಲಿಗೆ ಬ್ಯಾಕ್ಟೀರಿಯಾ ಅಥವಾ ಬೂಷ್ಟು ಸೇರಿಸಿ ವಾರಗಟ್ಟಲೆ ಮಾಗಿಸಿದ್ದು. ರುಚಿಯಲ್ಲಿ ಮೂಲಕ್ಕೆ ಅತ್ಯಂತ ಹತ್ತಿರವಾದುದು ಇದೇ. ಚೀನಾದಲ್ಲಿ ಸೋಯಾಹಾಲನ್ನು ಒಡೆದು ಮಾಡಿದ ತೋಫುವನ್ನು ಬೂಷ್ಟು ಹಿಡಿಸಿ, ಉಪ್ಪುನೀರು ಮತ್ತು ಮದ್ಯದಲ್ಲಿ ಮಾಗಿಸುವ ರೂಢಿಯಿದೆ. ಹಾಲಿಲ್ಲದೆ ಚೀಸಿನಂಥ ರುಚಿಯನ್ನು ಸಾಧಿಸಬಹುದೆಂಬುದಕ್ಕೆ ಅದು ಹಳೆಯ ನಿದರ್ಶನ.

ಆದರೆ ಅದೇ ಅಳತೆಗೋಲನ್ನು ಪರ್ಯಾಯಗಳಿಗೂ ಹಿಡಿಯಬೇಕು. ಮಾಗಿ ರುಚಿ ಬದಲಾದ ಆಹಾರವನ್ನು ಜೈನ ಆಚಾರ ‘ಚಲಿತರಸ’ ಎಂದು ಕರೆದು ಅಭಕ್ಷ್ಯಗಳಲ್ಲಿ ಸೇರಿಸಿದೆ. ಮೊಸರಿಗೂ ಕಾಲಮಿತಿ ಹೇಳಿದೆ. ಆ ದೃಷ್ಟಿಯಲ್ಲಿ ಹನ್ನೆರಡು ತಿಂಗಳು ಮಾಗಿದ ಪಾರ್ಮೆಸಾನ್ ಹೇಗೋ ಬೂಷ್ಟು ಹಿಡಿಸಿದ ಗೋಡಂಬಿಯ ಗಡ್ಡೆಯೂ ಹಾಗೆ. ಮದ್ಯದಲ್ಲಿ ನೆನೆದ ತೋಫುವಿನ ಮಾತು ಹೇಳಬೇಕಾಗಿಲ್ಲ. ‘ವೀಗನ್’ ಎಂಬ ಗುರುತು ಇದ್ದ ಮಾತ್ರಕ್ಕೆ ವಸ್ತು ಶ್ರಾವಕಾಚಾರಕ್ಕೆ ಒಪ್ಪುತ್ತದೆಂದು ತಿಳಿಯುವುದು, ‘ಸಸ್ಯಾಹಾರಿ’ ಎಂಬ ಹಸಿರು ಚುಕ್ಕೆ ಕಂಡ ಮಾತ್ರಕ್ಕೆ ಒಪ್ಪುತ್ತದೆಂದು ತಿಳಿದಷ್ಟೇ ಅವಸರದ ನಿರ್ಣಯ. ಗೋಡಂಬಿಯ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅದರ ಸಿಪ್ಪೆಯೊಳಗಿನ ಎಣ್ಣೆ ಚರ್ಮವನ್ನು ಸುಡುತ್ತದೆ. ಕೊಲ್ಲಂನಿಂದ ಮಂಗಳೂರಿನವರೆಗೆ ಕರಾವಳಿಯ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಕೆಲಸದ ಬಹುಪಾಲು ಹೆಂಗಸರದು. ಹಸುವಿನ ನೋವನ್ನು ತಪ್ಪಿಸಹೊರಟವರು ಆ ಕೈಗಳನ್ನು ಮರೆಯುವಂತಿಲ್ಲ. ಹಿಂಸೆಯ ಲೆಕ್ಕ ಪ್ರಾಣಿಗಳಿಗೆ ಮಾತ್ರ ಮುಗಿಯುವುದಿಲ್ಲ.

ಗಟ್ಟಿ ಚೀಸಿನ ಕೆಲಸವೇನು ಎಂದು ಕೇಳಿಕೊಂಡರೆ ದಾರಿ ಸರಳವಾಗುತ್ತದೆ. ಬಿಸಿ ಅನ್ನಾಹಾರದ ಮೇಲೆ ಉದುರಿಸಲು ಉಪ್ಪುಪ್ಪಾದ, ಜಿಡ್ಡಿನ, ಘಮಘಮಿಸುವ, ಹಲ್ಲಿಗೆ ಸಿಗುವ ಪುಡಿಯೊಂದು ಬೇಕು, ಅಷ್ಟೆ. ಚೀಸಿಗೆ ಹಣವಿಲ್ಲದ ದಕ್ಷಿಣ ಇಟಲಿಯ ಬಡವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಹಳಸಲು ರೊಟ್ಟಿಯ ಪುಡಿಯನ್ನು ಆಲಿವ್ ಎಣ್ಣೆಯಲ್ಲಿ ಕೆಂಪಗೆ ಹುರಿದು ಪಾಸ್ತಾದ ಮೇಲೆ ಉದುರಿಸುವುದು ಸಿಸಿಲಿಯಲ್ಲಿ ಇಂದಿಗೂ ಉಳಿದ ರೂಢಿ. ಬೊಕ್ಕಾಚೊನ ಚೀಸಿನ ಬೆಟ್ಟ ಕನಸಾಗಿದ್ದವರ ತಟ್ಟೆಯಲ್ಲಿದ್ದ ವಾಸ್ತವ ಇದು. ಶ್ರಾವಕರ ಅಡುಗೆಮನೆಯಲ್ಲಿ ಇದಕ್ಕೆ ಅಂದಿನ ರೊಟ್ಟಿಯನ್ನೇ ಕಾಯಿಸಿ ಪುಡಿಮಾಡಿದರಾಯಿತು, ಹಳಸಲು ಬೇಕಾಗಿಲ್ಲ. ಕನ್ನಡನಾಡಿನಲ್ಲಂತೂ ಉದುರಿಸುವ ಪುಡಿಗಳಿಗೆ ಬಡತನವೇ ಇಲ್ಲ. ಉತ್ತರ ಕರ್ನಾಟಕದ ಗುರೆಳ್ಳು, ಅಗಸಿ, ಶೇಂಗಾ ಚಟ್ನಿಪುಡಿಗಳು ಎಣ್ಣೆಬೀಜದ ಜಿಡ್ಡನ್ನೂ ಹುರಿದ ಘಮವನ್ನೂ ಒಟ್ಟಿಗೆ ಕೊಡುತ್ತವೆ. ತಿಪಟೂರಿನ ಒಣಕೊಬ್ಬರಿಯನ್ನು ಸಣ್ಣಗೆ ತುರಿದು, ಹದವಾಗಿ ಹುರಿದು, ಉಪ್ಪು ಮತ್ತು ಕಾಳುಮೆಣಸಿನೊಂದಿಗೆ ಬೆರೆಸಿದರೆ ಅದು ಪಾರ್ಮೆಸಾನಿನ ನಕಲಾಗುವುದಿಲ್ಲ; ಪಾರ್ಮೆಸಾನಿನ ಸ್ಥಾನವನ್ನು ತುಂಬುತ್ತದೆ. ಪರ್ಯಾಯ ಎಂದರೆ ತದ್ರೂಪವೇ ಆಗಬೇಕೆಂದಿಲ್ಲ.

ಹೆಸರಿನ ಜಗಳವೂ ಇದರೊಂದಿಗೆ ತಳಕು ಹಾಕಿಕೊಂಡಿದೆ. 2017ರ ಜೂನ್ 14ರಂದು ಯುರೋಪಿನ ನ್ಯಾಯಾಲಯ, ಕೆಲವು ಸಾಂಪ್ರದಾಯಿಕ ಹೆಸರುಗಳ ಹೊರತು, ಸಸ್ಯಮೂಲದ ವಸ್ತುಗಳನ್ನು ‘ಹಾಲು’, ‘ಬೆಣ್ಣೆ’, ‘ಚೀಸ್’ ಎಂದು ಮಾರುವಂತಿಲ್ಲವೆಂದು ತೀರ್ಪಿತ್ತಿತು. ಗ್ರಾಹಕರಿಗೆ ಗೊಂದಲವಾಗಬಾರದೆಂಬ ಆಶಯ ಒಪ್ಪತಕ್ಕದ್ದೇ. ಆದರೆ ಕನ್ನಡದಲ್ಲಿ ತೆಂಗಿನಕಾಯಿಗೂ ಹಾಲಿದೆ, ರಾಗಿಗೂ ಹಾಲಿದೆ, ತೆನೆಗೆ ಹಾಲುತುಂಬುತ್ತದೆ, ಎಕ್ಕದ ಗಿಡ ಹಾಲು ಸುರಿಸುತ್ತದೆ. ಅತ್ತಿ, ಆಲ, ಅರಳಿಗಳು ಕ್ಷೀರವೃಕ್ಷಗಳು; ಮೂಲಗುಣಗಳಲ್ಲಿ ತ್ಯಾಜ್ಯವೆಂದ ಪಂಚೋದುಂಬರಗಳು ಇಂಥ ಮರಗಳ ಹಣ್ಣುಗಳೇ. ಹಾಲು ಎಂಬ ಮಾತು ಕೆಚ್ಚಲಿನ ಸೊತ್ತು ಎಂದು ಈ ಭಾಷೆ ಎಂದೂ ಬರೆದುಕೊಟ್ಟಿಲ್ಲ.

ಈಗ ಹಿಟ್ಟಿನ ಕೋಳಿಯ ಆಕ್ಷೇಪವನ್ನು ತೂಗಬಹುದು. ಯಶೋಧರನ ಕಥೆಯಲ್ಲಿ ಬದಲಾದದ್ದು ಬಲಿಯ ವಸ್ತು. ಬದಲಾಗದೆ ಉಳಿದದ್ದು ಬಲಿಯ ಸಂಕಲ್ಪ. ಖಡ್ಗ ಅದೇ, ದೇವತೆಯೂ ಅದೇ, ಕಡಿಯುವ ಕೈಯೂ ಅದೇ. ಹಿಟ್ಟಿನ ಕೋಳಿ ಕೋಳಿಯ ಬದಲು ನಿಂತದ್ದು ಕೊಲ್ಲುವ ವಿಧಿ ನಿಲ್ಲದಿರಲಿ ಎಂದು. ಹಾಲಿಲ್ಲದ ಚೀಸಿನಲ್ಲಿ ಸಂಬಂಧ ತಲೆಕೆಳಗಾಗಿದೆ: ಇಲ್ಲಿ ವಸ್ತುವನ್ನು ಬದಲಿಸಿದ್ದು ಸಂಕಲ್ಪ ಬದಲಾದುದರಿಂದ. ಕರುವನ್ನು ಉಳಿಸಬೇಕೆಂಬ ನಿರ್ಧಾರ ಮೊದಲು, ಪರ್ಯಾಯ ಆಮೇಲೆ. ರುಚಿಯನ್ನು ನೆನೆಯುವುದು ವಧೆಯನ್ನು ನೆನೆಯುವುದಲ್ಲ; ಪಾರ್ಮೆಸಾನ್ ತಿನ್ನುವವರು ಯಾರೂ ಕರುವಿನ ಜಠರವನ್ನು ಬಯಸಿ ತಿನ್ನುವುದಿಲ್ಲ, ಅದು ಅವರಿಗೆ ತಿಳಿಯದೆಯೇ ಬಂದಿರುತ್ತದೆ. ಆದ್ದರಿಂದ ಸಂಕಲ್ಪಹಿಂಸೆಯ ಆರೋಪ ಇಲ್ಲಿ ನಿಲ್ಲದು. ನಿಲ್ಲಬಹುದಾದದ್ದು ಬೇರೊಂದು ಮಾತು, ರಸಲೋಲುಪತೆಯದು. ನಾಲಗೆಯ ಆಸೆಯನ್ನು ಗೆಲ್ಲದೆ ಅದಕ್ಕೆ ಹೊಸ ಆಹಾರ ಒದಗಿಸುವುದು ತಪಸ್ಸಲ್ಲ. ಆದರೆ ತಪಸ್ಸಿನ ಅಳತೆಯನ್ನು ಗೃಹಸ್ಥರ ಮೇಲೆ ಹೇರಿ, ಅವರು ಅಣುವಷ್ಟು ಬಿಟ್ಟದ್ದನ್ನು ಹಾಸ್ಯ ಮಾಡುವುದು ಅಣುವ್ರತ ಎಂಬ ಪರಿಕಲ್ಪನೆಗೇ ವಿರುದ್ಧ. ಆಸೆಯನ್ನು ಪೂರ್ತಿ ಬಿಡಲಾಗದವರು ಹಿಂಸೆಯನ್ನಾದರೂ ಬಿಡಲಿ ಎಂಬುದೇ ಶ್ರಾವಕಾಚಾರದ ಔದಾರ್ಯ.

ಬೆಂಗಳೂರು, ಹುಬ್ಬಳ್ಳಿಗಳ ಹೋಟೆಲುಗಳ ಪಟ್ಟಿಯಲ್ಲಿ ‘ಜೈನ್’ ಎಂಬ ಗುರುತು ಈಗ ಸಾಮಾನ್ಯವಾಗಿ ಕಾಣುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಇಲ್ಲ ಎಂಬುದಷ್ಟೇ ಅದರ ಅರ್ಥವಾಗಿ ನಿಂತಿದೆ. ಅದೇ ತಟ್ಟೆಯ ಮೇಲೆ ಉದುರಿಸಿದ ಚೀಸ್ ಯಾವ ಹೆಪ್ಪಿನದು, ಅದರ ಹಾಲಿಗಾಗಿ ಹುಟ್ಟಿದ ಕರು ಏನಾಯಿತು ಎಂದು ಕೇಳುವವರು ವಿರಳ. ನೆಲದೊಳಗಿನ ಸೂಕ್ಷ್ಮಜೀವಿಗಳಿಗಾಗಿ ಗೆಡ್ಡೆಯನ್ನು ಬಿಡುವಷ್ಟು ನಯವಾದ ವಿವೇಕ ಪಂಚೇಂದ್ರಿಯವಿರುವ ಕರುವಿನ ಮುಂದೆ ಮೌನವಾಗಬಾರದು. ಶ್ರಾವಕಾಚಾರ ಗ್ರಂಥಗಳ ಮೇಲೆ ಸಂಶೋಧನೆ ನಡೆಸುವವರು ಪಾಠಾಂತರಗಳನ್ನು ಕೂಡಿಸುವುದರ ಜೊತೆಗೆ, ಆ ಗ್ರಂಥಗಳು ಹೇಳಿಕೊಟ್ಟ ಅಳತೆಯಿಂದ ಇಂದಿನ ತಟ್ಟೆಯನ್ನೂ ಅಳೆದು ನೋಡಬೇಕು. ಮೊದಲ ಹೆಜ್ಜೆ ಸಣ್ಣದು: ಚೀಸಿನ ಪೊಟ್ಟಣವನ್ನು ತಿರುಗಿಸಿ, ಹಿಂಬದಿಯ ಸಣ್ಣಕ್ಷರಗಳನ್ನು ಓದುವುದು. ಎರಡನೆಯದು, ಕಪಾಟಿನಲ್ಲಿರುವ ಗುರೆಳ್ಳು ಪುಡಿಯ ಡಬ್ಬಿಯನ್ನು ಕೈಗೆತ್ತಿಕೊಳ್ಳುವುದು.